ಆದಿವಾಸಿ ಸಂಘಕ್ಕೆ ಇಬ್ಬರು ಅಧ್ಯಕ್ಷರು: ಜವಾಬ್ದಾರಿಯನ್ನು ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ: ಪೋಡಿನ ಕಾರ್ಯದರ್ಶಿ, ಚಾಮರಾಜನಗರ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಬಿಳಿಗಿರಿರಂಗನ ಬೆಟ್ಟದ ಸುತ್ತಲಿನ ಸೋಲಿಗರ ಒಂಬತ್ತು ಪೋಡುಗಳವರು (ಪೋಡು ಎಂದರೆ ನಮ್ಮ ಕಾಡಿನ ಊರು) ಸೇರಿ ಕಟ್ಟಿಕೊಂಡ ಒಂದು ಚಿಕ್ಕ ಸಂಘದಲ್ಲಿ ನಾನು ಆರು ವರ್ಷಗಳಿಂದ ಕಾರ್ಯದರ್ಶಿಯಾಗಿದ್ದೇನೆ. ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ. ಸದಸ್ಯರು, ಪದಾಧಿಕಾರಿಗಳು ಎಲ್ಲರೂ ಸೋಲಿಗರೇ. ಮಕ್ಕಳಿಗೆ ಸಂಜೆ ಪಾಠ, ಅರಣ್ಯ ಹಕ್ಕಿನ ಅರ್ಜಿಗಳಿಗೆ ಬೇಕಾದ ಕಾಗದಪತ್ರ ಹೊಂದಿಸುವುದು, ಜೇನು ಮತ್ತು ನೆಲ್ಲಿಕಾಯಿಯನ್ನು ಒಟ್ಟುಗೂಡಿಸಿ ಮಾರುವುದು ನಮ್ಮ ಮುಖ್ಯ ಕೆಲಸಗಳು.

ಸಂಘ ಹುಟ್ಟಿದಂದಿನಿಂದ ಅಧ್ಯಕ್ಷರಾಗಿದ್ದ ಹಿರಿಯರು ಎರಡು ವರ್ಷಗಳ ಹಿಂದೆ, ಇನ್ನು ಕಚೇರಿಯ ಮೆಟ್ಟಿಲು ಹತ್ತಲು ತಮ್ಮ ಕಾಲು ಕೇಳುವುದಿಲ್ಲವೆಂದು ಹೇಳಿ ಕೆಳಗಿಳಿದರು. ಸರ್ವಸದಸ್ಯರ ಸಭೆಯಲ್ಲಿ ಆಗ ಎರಡು ಹೆಸರುಗಳು ಬಂದವು. ಒಬ್ಬರು ಒಂದು ಪೋಡಿನ ಯಜಮಾನರು. ಯಾವ ಕುಲದ ಎಲ್ಲೆ ಎಲ್ಲಿಗೆ ಮುಗಿಯುತ್ತದೆ, ಯಾವ ಅಬ್ಬಿಯ (ತೊರೆಯ) ಬಳಿ, ಯಾವ ವೀರುವಿನ (ಪೂಜೆಯ ತಾಣದ) ಬಳಿ ಯಾರು ಪೂಜೆ ಮಾಡಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಇನ್ನೊಬ್ಬರು ಪದವಿ ಓದಿರುವ ನಮ್ಮ ಅಕ್ಕ. ತಾಲ್ಲೂಕು ಕಚೇರಿಯಲ್ಲಿ ಬಾಗಿಲ ಬಳಿ ನಿಲ್ಲದೆ, ಕುರ್ಚಿ ಎಳೆದುಕೊಂಡು ಕುಳಿತು ಮಾತನಾಡಬಲ್ಲವರು. ಮತಕ್ಕೆ ಹಾಕಿ ಇಬ್ಬರಲ್ಲೊಬ್ಬರನ್ನು ಸೋಲಿಸುವುದು ಯಾರಿಗೂ ಒಪ್ಪಿಗೆಯಾಗಲಿಲ್ಲ. ನ್ಯಾಯಕ್ಕೆ ಕುಳಿತಾಗಲೂ ಎಲ್ಲರೂ ಒಪ್ಪುವ ತನಕ ಮಾತು ಮುಂದುವರಿಸುವುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಹೀಗಾಗಿ ಇಬ್ಬರೂ ಅಧ್ಯಕ್ಷರಾಗಿರಲಿ ಎಂದು ತೀರ್ಮಾನವಾಯಿತು. ನಮೂನೆಯಲ್ಲಿ ಅಧ್ಯಕ್ಷರಿಗೆ ಒಂದೇ ಸಾಲು ಇದ್ದುದರಿಂದ ಕಾಗದದಲ್ಲಿ ಮಾತ್ರ ಯಜಮಾನರನ್ನು ಅಧ್ಯಕ್ಷರೆಂದೂ ಅಕ್ಕನನ್ನು ಉಪಾಧ್ಯಕ್ಷರೆಂದೂ ಬರೆದು ಕೊಟ್ಟೆವು.

ಮೊದಲ ವರ್ಷ ಚೆನ್ನಾಗಿಯೇ ನಡೆಯಿತು. ಕಳೆದ ಡಿಸೆಂಬರಿನಲ್ಲಿ ನೆಲ್ಲಿಕಾಯಿ ಕೊಳ್ಳುವವರು ಶುಕ್ರವಾರ ಕಳುಹಿಸಬೇಕಿದ್ದ ಲಾರಿಯನ್ನು ಮಂಗಳವಾರವೇ ಕಳುಹಿಸುವುದಾಗಿ ಅಕ್ಕನ ಫೋನಿಗೆ ತಿಳಿಸಿದರು. ದೂರದ ಪೋಡುಗಳಿಗೆ ಹೇಳಿ ಕಳುಹಿಸುವುದು ಎಂದಿನಂತೆ ಯಜಮಾನರ ಕೆಲಸವೆಂದು ಅಕ್ಕ ತಿಳಿದರು. ಫೋನು ಯಾರಿಗೆ ಬಂತೋ ಅವರೇ ಎಲ್ಲರಿಗೂ ತಿಳಿಸಿರುತ್ತಾರೆಂದು ಯಜಮಾನರು ತಿಳಿದರು. ಎರಡು ಪೋಡುಗಳಿಗೆ ಸುದ್ದಿಯೇ ಮುಟ್ಟಲಿಲ್ಲ. ಲಾರಿ ಬಂದು ಹೋಯಿತು, ಅವರ ಮೂವತ್ತೊಂದು ಮೂಟೆಗಳು ಸೂರಿನಡಿ ಉಳಿದವು. ಹನ್ನೊಂದು ದಿನಗಳ ಮೇಲೆ ಬಿಚ್ಚಿದಾಗ ಮೇಲಿನ ಕಾಯಿಗಳು ಹಳದಿಗಟ್ಟಿದ್ದವು, ಅಡಿಯವು ಕಪ್ಪಾಗಿ ಮೂಟೆಯ ಹೊಲಿಗೆಯಿಂದ ನೀರು ಜಿನುಗುತ್ತಿತ್ತು. ಒಬ್ಬ ಅಜ್ಜಿ ಒಂದೊಂದೇ ಕಾಯಿಯನ್ನು ಆರಿಸಿ ಮೊರಕ್ಕೆ ಹಾಕುತ್ತಿದ್ದರು. ಒಂದು ಇಡೀ ಮೂಟೆಯಲ್ಲಿ ಒಂದು ಮೊರದಷ್ಟೂ ಒಳ್ಳೆಯ ಕಾಯಿ ಸಿಗಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ‘ಇದನ್ನ ಈಗ ಯಾರನ್ನ ಕೇಳಬೇಕು ಮಗಾ?’ ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಇಬ್ಬರು ಅಧ್ಯಕ್ಷರೆಂಬ ನಮ್ಮ ತೀರ್ಮಾನವನ್ನು ಬಿಟ್ಟುಕೊಡಲು ಸಂಘದಲ್ಲಿ ಯಾರಿಗೂ ಮನಸ್ಸಿಲ್ಲ. ಆದರೆ ಕಾನೂನು ಇದಕ್ಕೆ ಅವಕಾಶ ಕೊಡುತ್ತದೆಯೇ, ಕೆಲಸವನ್ನು ಯಾವ ಬಗೆಯಲ್ಲಿ ಭಾಗ ಮಾಡಬೇಕು, ಇಬ್ಬರ ಅಭಿಪ್ರಾಯ ಬೇರೆಬೇರೆಯಾದರೆ ಏನು ಮಾಡಬೇಕು ಎಂಬುದು ತಿಳಿಯುತ್ತಿಲ್ಲ. ನಮಗೆ ಅಲ್ಪ ಸಹಾಯಧನ ಕೊಡುತ್ತಿರುವ ಸಂಸ್ಥೆಯವರೂ ‘ಜವಾಬ್ದಾರರು ಯಾರು, ಒಂದು ಹೆಸರು ಹೇಳಿ’ ಎನ್ನುತ್ತಿದ್ದಾರೆ. ಇಂಥ ಸಂಘಗಳಲ್ಲಿ ಕೆಲಸ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಲೆಕ್ಕ ಬರೆಯುವವ, ಮೈಸೂರು

ಕಾರ್ಯದರ್ಶಿಯವರಿಗೆ ನಮಸ್ಕಾರ. ನಾನು ಹದಿನೆಂಟು ವರ್ಷಗಳಿಂದ ಸಣ್ಣ ಸಂಘ ಸಂಸ್ಥೆಗಳ ಲೆಕ್ಕ ಬರೆಯುತ್ತಿದ್ದೇನೆ. ನನಗೆ ಗೊತ್ತಿರುವುದು ಕಾಗದ ಮತ್ತು ಹಣದ ಕಡೆಯ ವಿಷಯ, ಅಷ್ಟನ್ನು ಹೇಳುತ್ತೇನೆ.

1960ರ ಕಾಯ್ದೆಯಡಿ ಸಂಘ ನೋಂದಾಯಿಸಲು ಕನಿಷ್ಠ ಏಳು ಮಂದಿ ಬೇಕು, ಆಡಳಿತ ನಡೆಸಲು ಒಂದು ಸಮಿತಿ ಇರಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರಬೇಕು, ಆ ಬಳಿಕ ಸಮಿತಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆ ಸಮಿತಿಯೊಳಗೆ ಯಾರ ಹುದ್ದೆ ಯಾವುದು, ಯಾರ ಅಧಿಕಾರ ಎಷ್ಟು ಎಂಬುದನ್ನು ಬರೆದಿಡಬೇಕಾದ ಜಾಗ ನಿಮ್ಮದೇ ಬೈಲಾ, ಅಂದರೆ ಸಂಘದ ನಿಯಮಾವಳಿ. ನಿಮ್ಮಲ್ಲಿ ತಪ್ಪಿರುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ. ಸಭೆಯಲ್ಲಿ ಇಬ್ಬರು ಸಮಾನ ಅಧ್ಯಕ್ಷರೆಂದು ಒಪ್ಪಿಕೊಂಡು, ಕಾಗದದಲ್ಲಿ ಒಬ್ಬರನ್ನು ಮೇಲೆ, ಇನ್ನೊಬ್ಬರನ್ನು ಕೆಳಗೆ ಬರೆದಿದ್ದೀರಿ. ನಾಳೆ ಒಂದು ತಕರಾರು ಬಂದರೆ ಸಭೆಯ ಮಾತನ್ನು ಯಾರೂ ಕೇಳುವುದಿಲ್ಲ, ಬೈಲಾವನ್ನೇ ತೆರೆಯುತ್ತಾರೆ. ಆದ್ದರಿಂದ ಬೈಲಾ ತಿದ್ದುಪಡಿಗೆಂದೇ ಸಭೆ ಕರೆದು, ‘ಸಹ ಅಧ್ಯಕ್ಷರು ಇಬ್ಬರು, ಇಬ್ಬರ ಅಧಿಕಾರವೂ ಸಮಾನ’ ಎಂದು ಬರೆಯಿಸಿ. ಅದರ ಕೆಳಗೇ, ಸಂಘದ ಪರವಾಗಿ ನ್ಯಾಯಾಲಯದಲ್ಲಿ ಮತ್ತು ಸರ್ಕಾರಿ ಪತ್ರವ್ಯವಹಾರದಲ್ಲಿ ಯಾರ ಹೆಸರು ನಿಲ್ಲುತ್ತದೆ ಎಂಬುದನ್ನೂ ಸೇರಿಸಿ. ಕಾರ್ಯದರ್ಶಿಯ ಹೆಸರು ನಿಂತರೆ ಇಬ್ಬರು ಅಧ್ಯಕ್ಷರ ನಡುವೆ ಮೇಲುಕೀಳಿನ ಮಾತು ಬರುವುದಿಲ್ಲ. ಸಹಾಯಧನ ಕೊಡುವವರು ಕೇಳುವ ‘ಒಂದು ಹೆಸರ’ನ್ನೂ ಇದೇ ರೀತಿ ಕೊಡಬಹುದು, ಅವರಿಗೆ ಬೇಕಾಗಿರುವುದು ಪತ್ರ ಬರೆದರೆ ಉತ್ತರ ಕೊಡುವ ವ್ಯಕ್ತಿ, ಸಂಘದ ಒಡೆಯ ಅಲ್ಲ.

ಬ್ಯಾಂಕಿನ ವಿಷಯ. ಠರಾವಿನಲ್ಲಿ ಮೂವರ ಸಹಿ ಕೊಟ್ಟು, ಮೂವರಲ್ಲಿ ಯಾರಾದರೂ ಇಬ್ಬರು ಸಹಿ ಮಾಡಿದರೆ ಹಣ ತೆಗೆಯಬಹುದೆಂದು ಬರೆಯುವುದು ವಾಡಿಕೆ, ಒಬ್ಬರು ಕಾಡಿನಲ್ಲಿದ್ದರೂ ಕೆಲಸ ನಿಲ್ಲುವುದಿಲ್ಲ. ಆದರೆ ಎಷ್ಟೋ ಸಂಘಗಳಲ್ಲಿ ನಾನು ಕಣ್ಣಾರೆ ಕಂಡಿರುವುದನ್ನು ಇಲ್ಲಿ ಹೇಳಲೇಬೇಕು. ಪ್ರತಿ ಸಲ ಬೆಟ್ಟ ಇಳಿದು ಬರುವುದು ಕಷ್ಟವೆಂದು ಹಿರಿಯರು ಹತ್ತು ಖಾಲಿ ಚೆಕ್ಕುಗಳಿಗೆ ಒಮ್ಮೆಗೇ ಸಹಿ ಹಾಕಿ ಕೊಟ್ಟುಬಿಡುತ್ತಾರೆ. ಅಲ್ಲಿಂದ ಮುಂದೆ ಜಂಟಿ ಸಹಿಗೆ ಅರ್ಥವೇ ಇರುವುದಿಲ್ಲ. ಅದರಂತೆಯೇ ಬ್ಯಾಂಕಿನ ಒಟಿಪಿ, ಆದಾಯ ತೆರಿಗೆಯ ಜಾಲತಾಣದ ಒಟಿಪಿ, ಸ್ವಯಂಸೇವಾ ಸಂಸ್ಥೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ದರ್ಪಣ್ ಪೋರ್ಟಲಿನ ಒಟಿಪಿ ಎಲ್ಲವೂ ಪೇಟೆಯಲ್ಲಿರುವ ಒಬ್ಬರ ಮೊಬೈಲಿಗೇ ಬರುತ್ತಿರುತ್ತವೆ, ಪೋಡಿನಲ್ಲಿ ಸಿಗ್ನಲ್ ಸಿಗುವುದಿಲ್ಲವೆಂಬುದು ಅದಕ್ಕೆ ಕೊಡುವ ಕಾರಣ. ಕಾರಣ ನಿಜವೇ ಇರಬಹುದು. ಆದರೂ ಆ ಮೊಬೈಲು ಯಾರ ಕೈಯಲ್ಲಿದೆಯೋ ಸಂಘ ಅವರ ಕೈಯಲ್ಲಿದೆ. ಸಂಘದ ಹೆಸರಿನಲ್ಲೇ ಒಂದು ಸಿಮ್ ತೆಗೆದುಕೊಂಡು, ಒಂದು ಸಾಧಾರಣ ಫೋನಿಗೆ ಹಾಕಿ ಸಂಘದ ಕಚೇರಿಯಲ್ಲೇ ಇಡಿ. ಸಿಗ್ನಲ್ ಸಿಗುವ ಕಡೆಗೆ ಅದನ್ನು ಒಯ್ಯುವಾಗ ಯಾರು, ಯಾವತ್ತು, ಯಾವ ಕೆಲಸಕ್ಕೆ ಒಯ್ದರೆಂದು ಒಂದು ಪುಸ್ತಕದಲ್ಲಿ ಬರೆಯಲಿ.

ಮುಂದೆ ವಿದೇಶಿ ದೇಣಿಗೆಗೆ ಅರ್ಜಿ ಹಾಕುವ ಆಲೋಚನೆಯಿದ್ದರೆ ಇನ್ನೊಂದು ಮಾತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ಬಳಿಕ ಪದಾಧಿಕಾರಿಗಳೆಲ್ಲರ ಆಧಾರ್ ಸಂಖ್ಯೆ ಕೊಡಬೇಕು, ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಪದಾಧಿಕಾರಿಗಳು ಬದಲಾದಾಗ ಅದನ್ನೂ ತಿಳಿಸಬೇಕಾಗುತ್ತದೆ. ಹುದ್ದೆಗಳನ್ನು ಸರದಿಯ ಮೇಲೆ ಬೇಗಬೇಗ ಬದಲಿಸುವ ಸಂಘಕ್ಕೆ ಇದು ದೊಡ್ಡ ಕಾಗದದ ಹೊರೆ. ಆ ಹೊರೆ ಹೊರಲು ಕೈಗಳಿವೆಯೇ ಎಂದು ಮೊದಲೇ ನೋಡಿಕೊಳ್ಳಿ.

ಉತ್ತರ: ಗೂಡಲೂರಿನಲ್ಲಿ ಕೆಲಸ ಮಾಡಿದವಳು

ಕಾರ್ಯದರ್ಶಿಯವರೇ, ನಿಮ್ಮ ನೆಲ್ಲಿಕಾಯಿಯ ಮೂಟೆಗಳ ವಿಷಯ ಓದಿ ಬಹಳ ಸಂಕಟವಾಯಿತು. ನಾನು ನೀಲಗಿರಿ ಜಿಲ್ಲೆಯ ಗೂಡಲೂರಿನಲ್ಲಿ ಕೆಲವು ವರ್ಷ ಆರೋಗ್ಯದ ಕೆಲಸ ಮಾಡಿದ್ದೇನೆ. ಅಲ್ಲಿ ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟ್ಟುನಾಯಕ, ಇರುಳ ಎಂಬ ಐದು ಸಮುದಾಯಗಳು ಸೇರಿ ಆದಿವಾಸಿ ಮುನ್ನೇಟ್ರ ಸಂಗಮ್ ಎಂಬ ಸಂಘಟನೆಯನ್ನು ಕಟ್ಟಿಕೊಂಡಿವೆ. 1988ರ ಡಿಸೆಂಬರ್ 5ರಂದು ಭೂಮಿಯ ಹಕ್ಕಿಗಾಗಿ ಗೂಡಲೂರು ಪೇಟೆಯಲ್ಲಿ ಸಾವಿರಾರು ಆದಿವಾಸಿಗಳು ಮೆರವಣಿಗೆ ನಡೆಸಿದ್ದನ್ನು ಆ ಸೀಮೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಅಲ್ಲಿನ ಆದಿವಾಸಿ ಆಸ್ಪತ್ರೆ ಆರಂಭವಾದದ್ದು 1990ರಲ್ಲಿ. ಅಲ್ಲಿ ನನಗೆ ಹಿಡಿಸಿದ್ದೆಂದರೆ, ಆಸ್ಪತ್ರೆ, ಶಾಲೆ ಮೊದಲಾದ ಸೇವಾ ಸಂಸ್ಥೆಗಳು ಬೇರೆ, ಜನರ ಸಂಘಟನೆ ಬೇರೆ. ಕಾಗದಪತ್ರ, ಸಂಬಳ, ಲೆಕ್ಕ ತಪಾಸಣೆಯ ಭಾರವನ್ನು ಸಂಸ್ಥೆಗಳು ಹೊರುತ್ತವೆ. ಯಾವ ದಾರಿಯಲ್ಲಿ ಹೋಗಬೇಕೆಂಬುದು ಜನರ ಸಭೆಯಲ್ಲಿ ಮಾತಾಗುತ್ತದೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಭಾಷೆಯ ಸಂಗತಿ. ಐದು ಸಮುದಾಯಗಳಿಗೆ ಐದು ನುಡಿಗಳು. ತಮಿಳು ಚೆನ್ನಾಗಿ ಬಲ್ಲವರು ನಾಲ್ಕೇ ಮಂದಿ ಇದ್ದರೂ ಸಭೆ ತಾನಾಗಿಯೇ ಅವರ ಕಡೆಗೆ ವಾಲುತ್ತಿತ್ತು. ಅವರು ಬೇಕೆಂದು ಹಾಗೆ ಮಾಡುತ್ತಿರಲಿಲ್ಲ, ಸುತ್ತೋಲೆ ಓದಬಲ್ಲವರು ಅವರು, ಅಷ್ಟೇ. ನಿಮ್ಮಲ್ಲಿಯೂ ಸರ್ಕಾರದ ಪತ್ರದ ಕನ್ನಡ ಬೇರೆ, ಪೋಡಿನಲ್ಲಿ ಆಡುವ ಸೋಲಿಗ ನುಡಿ ಬೇರೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗುವ ಪತ್ರವನ್ನು ಅಕ್ಕನವರು ಗಟ್ಟಿಯಾಗಿ ಓದಿದ ಮಾತ್ರಕ್ಕೆ ಯಜಮಾನರಿಗೆ ತಿಳಿಸಿದಂತಾಗುವುದಿಲ್ಲ. ನಾವು ಒಂದು ನಿಯಮ ಮಾಡಿಕೊಂಡಿದ್ದೆವು: ಪತ್ರ ಓದಿದವರು ಕುಳಿತುಕೊಳ್ಳಬೇಕು, ಕೇಳಿದವರೊಬ್ಬರು ಎದ್ದು ತಮ್ಮ ನುಡಿಯಲ್ಲಿ ಅದನ್ನು ಎಲ್ಲರಿಗೂ ಹೇಳಬೇಕು, ಹೇಳಲು ಬಾರದಿದ್ದರೆ ಮತ್ತೆ ಓದಬೇಕು. ಸಭೆ ಉದ್ದವಾಗುತ್ತಿತ್ತು, ಮಧ್ಯಾಹ್ನದ ಅನ್ನ ಆರಿಹೋಗುತ್ತಿತ್ತು. ಆದರೆ ಮೂಲೆಯಲ್ಲಿ ಕುಳಿತಿರುತ್ತಿದ್ದ ಪಣಿಯ ಹೆಂಗಸರು ಮೊದಲ ಬಾರಿಗೆ ಎದ್ದು ಮಾತನಾಡಿದ್ದು ಆ ನಿಯಮ ಬಂದ ಮೇಲೆಯೇ.

ಯಜಮಾನರಿಗೆ ಊರಿನ ವಿಷಯ, ಅಕ್ಕನವರಿಗೆ ಕಚೇರಿಯ ವಿಷಯ ಎಂದು ಭಾಗ ಮಾಡುವುದು ಮೇಲ್ನೋಟಕ್ಕೆ ಸುಲಭ. ನಾನು ಅದನ್ನು ಬೇಡವೆನ್ನುತ್ತೇನೆ. ಐದು ವರ್ಷ ಕಳೆಯುವಷ್ಟರಲ್ಲಿ ಹಣ, ಫೋನು, ಅಧಿಕಾರಿಗಳ ಪರಿಚಯ ಎಲ್ಲವೂ ಒಬ್ಬರ ಪಾಲಿಗೆ ಸೇರಿ, ಇನ್ನೊಬ್ಬರು ಹಬ್ಬಕ್ಕೆ ಹಾರ ಹಾಕಿಸಿಕೊಳ್ಳುವ ಅಧ್ಯಕ್ಷರಾಗಿ ಉಳಿಯುತ್ತಾರೆ. ಕಚೇರಿಗೆ ಹೋಗುವಾಗ ಇಬ್ಬರೂ ಹೋಗಲಿ. ಪೋಡಿನ ನ್ಯಾಯಕ್ಕೂ ಅಕ್ಕ ಕುಳಿತುಕೊಳ್ಳಲಿ.

ಉತ್ತರ: ಹಾಡಿಯ ಹಿರಿಯ, ಎಚ್.ಡಿ. ಕೋಟೆ ತಾಲ್ಲೂಕು

ಮಗಳೇ, ನಾನು ಜೇನುಕುರುಬ. ನಾನು ಹೇಳಿದ್ದನ್ನು ನನ್ನ ಮೊಮ್ಮಗ ಬರೆದುಕೊಂಡು ತಿದ್ದಿ ಇಲ್ಲಿ ಹಾಕುತ್ತಿದ್ದಾನೆ. ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಇಬ್ಬರು ಅಧ್ಯಕ್ಷರೆಂದರೆ ನನಗೆ ಇಂದಿಗೂ ಅಳುಕು.

ನಮ್ಮ ಸಂಘದಲ್ಲೂ ಒಮ್ಮೆ ಇಬ್ಬರು ಮುಖಂಡರಿದ್ದರು, ಅವರಲ್ಲಿ ನಾನೊಬ್ಬ. ಒಂದು ಇಲಾಖೆಯವರು ನಮ್ಮ ಹಾಡಿಯ ಜಾಗದ ವಿಷಯವಾಗಿ ಒಪ್ಪಿಗೆ ಪತ್ರ ಕೇಳಿಕೊಂಡು ಬಂದರು. ನಾನು ಹಾಡಿಯವರನ್ನೆಲ್ಲ ಕೇಳಬೇಕೆಂದೆ. ಅವರು ಮರುದಿನ ಇನ್ನೊಬ್ಬ ಮುಖಂಡನ ಮನೆಗೆ ಹೋದರು. ಆತ ಒಳ್ಳೆಯವನೇ, ಕೆಟ್ಟವನಲ್ಲ. ನಾನು ಆಗಲೇ ಒಪ್ಪಿದ್ದೇನೆಂದು ಅವರು ಹೇಳಿದ್ದನ್ನು ನಂಬಿ ಸಹಿ ಹಾಕಿದ. ಆ ಒಂದು ಸಹಿಯನ್ನು ಹಿಂದಕ್ಕೆ ಪಡೆಯಲು ನಾವು ಮೂರು ವರ್ಷ ಅಲೆದೆವು. ಹೊರಗಿನವರಿಗೆ ಇಬ್ಬರು ಮುಖಂಡರೆಂದರೆ ಎರಡು ಬಾಗಿಲು. ಒಂದು ಮುಚ್ಚಿದ್ದರೆ ಇನ್ನೊಂದನ್ನು ತಟ್ಟುತ್ತಾರೆ. ಆಮೇಲೆ ನಾವು ಹೀಗೆ ಗೊತ್ತು ಮಾಡಿಕೊಂಡೆವು: ಇಬ್ಬರಲ್ಲಿ ಒಬ್ಬರ ಕಿವಿಗೆ ಮಾತ್ರ ಬಿದ್ದ ಮಾತು ಸಂಘಕ್ಕೆ ಹೇಳಿದ ಮಾತಲ್ಲ. ಬಂದವರು ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡೇ ಮಾತನಾಡಬೇಕು. ಒಬ್ಬರು ಬೇಡವೆಂದರೆ ಅಂದಿಗೆ ಅದು ಬೇಡವೇ. ಮತ್ತೆ ಎಲ್ಲರೂ ಸೇರಿದಾಗ ನೋಡೋಣ. ಇದನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಅದರ ನಕಲನ್ನು ಕಚೇರಿಗಳಿಗೂ ಕೊಟ್ಟೆವು.

ಇನ್ನೊಂದು ಮಾತು ನಿಮ್ಮ ಸಂಘಕ್ಕೆ ಬಹಳ ಮುಖ್ಯ. ಅರಣ್ಯ ಹಕ್ಕಿನ ಕೆಲಸವನ್ನೂ ಸಂಘ ಮಾಡುತ್ತಿದೆ ಎಂದಿದ್ದೀರಿ. ನಿಮ್ಮ ಬೆಟ್ಟವನ್ನು 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ ಸಿಕ್ಕಿತು. ಆ ಹಕ್ಕುಪತ್ರ ಯಾವ ಸಂಘಕ್ಕೂ ಸಿಕ್ಕಿದ್ದಲ್ಲ, ಗ್ರಾಮಸಭೆಗೆ ಸಿಕ್ಕಿದ್ದು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಮಂದಿ ಇರಬೇಕು, ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡದವರು, ಮೂರರಲ್ಲಿ ಒಂದು ಪಾಲು ಹೆಂಗಸರು. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲೂ ಮೂರನೇ ಒಂದು ಪಾಲು ಹೆಂಗಸರಿರಬೇಕು. ನಿಮ್ಮ ಇಬ್ಬರು ಅಧ್ಯಕ್ಷರು ಎಷ್ಟೇ ಒಳ್ಳೆಯವರಾಗಿದ್ದರೂ ಕಾಡಿನ ವಿಷಯದಲ್ಲಿ ಗ್ರಾಮಸಭೆಯ ಬದಲಿಗೆ ಸಹಿ ಹಾಕಬಾರದು. ಸಂಘ ಅರ್ಜಿ ಬರೆದುಕೊಡಲಿ, ನಕ್ಷೆ ಮಾಡಿಕೊಡಲಿ, ಬಸ್ಸಿನ ಚಾರ್ಜು ಕೊಡಲಿ, ತೀರ್ಮಾನ ಅಲ್ಲಿ ಆಗಲಿ.

ಉತ್ತರ: ವೆಲ್ಲಿಂಗ್ಟನ್‌ನಿಂದ ಒಬ್ಬ ಕನ್ನಡಿಗ

ನಾನು ಓದುಗ ಮಾತ್ರ, ಒಂದು ಉದಾಹರಣೆ ಕೊಟ್ಟು ಸುಮ್ಮನಾಗುತ್ತೇನೆ. ನ್ಯೂಜಿಲೆಂಡಿನಲ್ಲಿ ವಾಂಗನುಯಿ ನದಿಗೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನ ಕೊಟ್ಟ 2017ರ ಕಾಯ್ದೆ, ನದಿಯ ಪರವಾಗಿ ಮಾತನಾಡಲು ‘ಟೆ ಪೋ ಟುಪುವಾ’ ಎಂಬ ಹುದ್ದೆಯನ್ನು ಸೃಷ್ಟಿಸಿದೆ. ಅದರಲ್ಲಿ ಇಬ್ಬರಿರುತ್ತಾರೆ. ಒಬ್ಬರನ್ನು ನದಿಗೆ ಸಂಬಂಧಪಟ್ಟ ಮಾವೊರಿ ಬುಡಕಟ್ಟುಗಳು ಸೂಚಿಸುತ್ತವೆ, ಇನ್ನೊಬ್ಬರನ್ನು ಸರ್ಕಾರ ಸೂಚಿಸುತ್ತದೆ. ಆದರೆ ಕಾಯ್ದೆ ಅದನ್ನು ಎರಡು ಹುದ್ದೆಗಳೆಂದು ಎಣಿಸುವುದಿಲ್ಲ. ಇಬ್ಬರೂ ಸೇರಿ ನಿರ್ವಹಿಸುವ ಒಂದೇ ಹುದ್ದೆ ಎನ್ನುತ್ತದೆ. ನಿಮ್ಮದು ಪೂರ್ತಿ ಸಮುದಾಯದವರದೇ ಸಂಘ, ಸನ್ನಿವೇಶ ಬೇರೆ. ಆದರೂ ಬೈಲಾದಲ್ಲಿ ‘ಇಬ್ಬರು ಸಹ ಅಧ್ಯಕ್ಷರು’ ಎನ್ನುವುದಕ್ಕಿಂತ ‘ಅಧ್ಯಕ್ಷ ಹುದ್ದೆ ಒಂದೇ, ಅದನ್ನು ಇಬ್ಬರು ಸೇರಿ ನಿರ್ವಹಿಸತಕ್ಕದ್ದು’ ಎಂದು ಬರೆದರೆ ಮೇಲಿನ ಹಿರಿಯರು ಹೇಳಿದ ಎರಡನೆಯ ಬಾಗಿಲು ಇರುವುದಿಲ್ಲ.

ಮರುಮಾತು: ಪೋಡಿನ ಕಾರ್ಯದರ್ಶಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಕಳೆದ ಭಾನುವಾರ ಕಾರ್ಯಕಾರಿ ಸಮಿತಿಯಲ್ಲಿ ಓದಿ ಹೇಳಿದೆ. ಗೂಡಲೂರಿನ ಅಕ್ಕನವರು ಹೇಳಿದ ಹಾಗೆ, ಓದಿದ ಮೇಲೆ ನಾನು ಕುಳಿತೆ. ನೆಲ್ಲಿಕಾಯಿ ಕಳೆದುಕೊಂಡ ಪೋಡಿನಿಂದ ಬಂದಿದ್ದ ಒಬ್ಬರು ಎದ್ದು ನಮ್ಮ ನುಡಿಯಲ್ಲಿ ಹೇಳಿದರು. ಕೋಟೆಯ ತಾತನವರ ಎರಡು ಬಾಗಿಲಿನ ಮಾತು ಬಂದಾಗ ಯಜಮಾನರು ಅದನ್ನು ಇನ್ನೊಮ್ಮೆ ಹೇಳಿಸಿ ಕೇಳಿದರು. ಆಮೇಲೆ, ತಮ್ಮ ಬಳಿಗೂ ಹೀಗೆ ಒಬ್ಬರು ಬಂದಿದ್ದರೆಂದೂ, ಅದನ್ನು ಅಕ್ಕನಿಗೆ ಹೇಳಲು ಮರೆತಿದ್ದೆನೆಂದೂ ಎಲ್ಲರ ಎದುರಿಗೇ ಹೇಳಿದರು. ಅಕ್ಕನೂ ತಮ್ಮ ಬಳಿ ಹಳೆಯ ಅಧ್ಯಕ್ಷರು ಸಹಿ ಹಾಕಿಟ್ಟಿದ್ದ ಆರು ಚೆಕ್ಕುಗಳಿವೆ ಎಂದು ತಂದಿಟ್ಟರು. ಅವುಗಳಿಗೆ ಅಲ್ಲಿಯೇ ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆದೆವು.

ಲಾರಿಯ ವಿಷಯದಲ್ಲಿ ಮಾಡಿಕೊಂಡ ತೀರ್ಮಾನ ಇದು. ಸುದ್ದಿ ಯಾರ ಕಿವಿಗೆ ಮೊದಲು ಬೀಳುತ್ತದೆಯೋ ಒಂಬತ್ತೂ ಪೋಡುಗಳಿಗೆ ಮುಟ್ಟಿಸುವುದು ಅವರ ಹೊಣೆ; ಪ್ರತಿ ಪೋಡಿನಲ್ಲಿ ಒಬ್ಬ ಹೆಂಗಸು ಮತ್ತು ಒಬ್ಬ ಗಂಡಸು ಸುದ್ದಿ ತಲುಪಿತೆಂದು ಮರುಸುದ್ದಿ ಕಳುಹಿಸಬೇಕು. ಒಂಬತ್ತೂ ಪೋಡುಗಳಿಂದ ಮರುಸುದ್ದಿ ಬರುವ ತನಕ ಲಾರಿಗೆ ಒಪ್ಪಿಗೆ ಹೇಳುವುದಿಲ್ಲ. ಅಧ್ಯಕ್ಷ ಹುದ್ದೆಯನ್ನು ಇಬ್ಬರೂ ಸೇರಿ ನಿರ್ವಹಿಸುವ ವಿಷಯವನ್ನು ಬೈಲಾ ತಿದ್ದುಪಡಿಯ ಸಭೆಯಲ್ಲಿ ಇಡುತ್ತೇವೆ. ಜೇನಿನ ಕಾಲದಲ್ಲಿ ಗಂಡಸರು ಕಾಡಿನಲ್ಲಿರುವುದರಿಂದ ಅದು ಮುಗಿದ ಮೇಲೆ ಸಭೆ.

ಮೈಸೂರಿನ ಸರ್ ಅವರಿಗೆ ಒಂದು ಪ್ರಶ್ನೆ. ಕೆಳಗಿಳಿದ ಹಳೆಯ ಅಧ್ಯಕ್ಷರ ಹೆಸರು ಬ್ಯಾಂಕಿನಲ್ಲಿ ಇನ್ನೂ ಹಾಗೆಯೇ ಇದೆ. ಗೌರವಕ್ಕಾಗಿ ಅವರನ್ನು ಮೂರನೆಯ ಸಹಿದಾರರಾಗಿ ಉಳಿಸಿಕೊಳ್ಳಬಹುದೇ?

ಉತ್ತರ: ಲೆಕ್ಕ ಬರೆಯುವವ, ಮೈಸೂರು

ಅವರು ಈಗ ಸಮಿತಿಯಲ್ಲಿ ಇಲ್ಲದಿದ್ದರೆ ಉಳಿಸಿಕೊಳ್ಳಬೇಡಿ. ಹಣದಲ್ಲಿ ಹೆಚ್ಚುಕಡಿಮೆಯಾದರೆ, ಏನೂ ಅರಿಯದ ಹಿರಿಯರನ್ನು ಮುಪ್ಪಿನಲ್ಲಿ ಕಚೇರಿಗೆ ಕರೆಸುವಂತಾಗುತ್ತದೆ. ಹಳೆಯ ಸಹಿಯನ್ನು ತೆಗೆದು ಹೊಸ ಮೂವರನ್ನು ಸೇರಿಸುವ ಠರಾವನ್ನು ಒಂದೇ ಹಾಳೆಯಲ್ಲಿ ಬರೆಯಿರಿ, ಸಭೆಗೆ ಬಂದವರೆಲ್ಲರ ಸಹಿ ಅಥವಾ ಹೆಬ್ಬೆಟ್ಟನ್ನು ನಡಾವಳಿ ಪುಸ್ತಕದಲ್ಲಿ ಪಡೆಯಿರಿ. ಬ್ಯಾಂಕಿಗೆ ಹೋಗುವಾಗ ಹೊಸ ಮೂವರ ಗುರುತಿನ ದಾಖಲೆಗಳ ಜೊತೆಗೆ ಹೊಸ ಸಮಿತಿಯ ಪಟ್ಟಿಯ ಪ್ರತಿಯನ್ನೂ ಒಯ್ಯಿರಿ. ರದ್ದು ಮಾಡಿದ ಆರು ಚೆಕ್ಕುಗಳನ್ನು ಹರಿದು ಎಸೆಯಬೇಡಿ; ಲೆಕ್ಕ ತಪಾಸಣೆಯವರು ಸಂಖ್ಯೆ ಹಿಡಿದು ಕೇಳುತ್ತಾರೆ, ಚೆಕ್ ಪುಸ್ತಕಕ್ಕೇ ಪಿನ್ನು ಹಾಕಿ ಇಡಿ.